‘ಮಲೆಗಳಲ್ಲಿ ಮದುಮಗಳು’ ಮತ್ತು ಅದರ ನಂತರದ ಓದು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸಿದವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಇದಾದ ಮೇಲೆ ಏನನ್ನು ಓದುವುದು? ಏಳುನೂರು ಪುಟಗಳ ಆಸುಪಾಸಿನ ಈ ಕಾದಂಬರಿ 1967ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಅದನ್ನು ಪೂರ್ತಿ ಓದಿದವರು ಯಾರೇ ಆಗಲಿ, ಆ ಮಲೆಗಳಿಂದ ಹೊರಗೆ ಬರಲು ಕೆಲವು ಕಾಲ ಹಿಡಿಯಿತೆಂದು ಹೇಳುತ್ತಾರೆ. ಆಗ ಅವರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆ ಎರಡು ಬಗೆಯದು. ಅದೇ ಲೇಖಕರ ಇನ್ನೊಂದು ಕಾದಂಬರಿಯಾದ ‘ಕಾನೂರು ಹೆಗ್ಗಡಿತಿ’ಯನ್ನು ಕೈಗೆತ್ತಿಕೊಳ್ಳಿ ಎನ್ನುವವರು ಕೆಲವರಾದರೆ, ಇಷ್ಟೇ ಗಾತ್ರದ ಮತ್ತೊಂದು ಬೃಹತ್ ಕಾದಂಬರಿಯನ್ನು ಹೆಸರಿಸುವವರು ಇನ್ನು ಕೆಲವರು. ಈ ಎರಡೂ ಸಲಹೆಗಳನ್ನು ನಾನು ಒಪ್ಪುವುದಿಲ್ಲ. ಈ ಕಾದಂಬರಿ ಎಲ್ಲರಿಗೂ ಜಾಗ ಕೊಡಬೇಕೆಂಬ ಹಂಬಲದಲ್ಲಿ ಅನೇಕ ಮನೆಗಳ ಬಾಗಿಲನ್ನು ಅರ್ಧ ತೆರೆದು ಮುಂದೆ ಸಾಗುತ್ತದೆ. ಆ ಬಾಗಿಲುಗಳ ಒಳಗೆ ಹೋಗಿ ಬಂದ ಬೇರೆ ಕಾದಂಬರಿಗಳು ಕನ್ನಡದಲ್ಲಿವೆ. ಮುಂದಿನ ಓದು ಅವುಗಳದ್ದಾಗಬೇಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಮೊದಲು ಈ ಕಾದಂಬರಿಯ ಬಗ್ಗೆ ಒಂದಷ್ಟು ವಿವರವಾಗಿ ಹೇಳಬೇಕು. ಏಕೆಂದರೆ ಇದನ್ನು ಕೊಂಡವರೆಲ್ಲರೂ ಮುಗಿಸಿರುವುದಿಲ್ಲ. ನನ್ನ ಪರಿಚಯದ ಓದುಗರಲ್ಲಿ ಹಲವರು ಮೊದಲ ನೂರು ಪುಟಗಳಲ್ಲಿಯೇ ನಿಂತಿದ್ದಾರೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಲಕ್ಕುಂದ, ಮೇಗರವಳ್ಳಿ ಎಂದು ಊರುಗಳ ಹೆಸರು ಒಂದರ ಹಿಂದೊಂದು ಬರುತ್ತವೆ. ಪ್ರತಿ ಊರಿನಲ್ಲಿಯೂ ಒಬ್ಬ ಹೆಗ್ಗಡೆ ಅಥವಾ ಗೌಡ, ಅವನ ಕುಟುಂಬ, ಅವನ ಆಳುಗಳು, ಆ ಆಳುಗಳ ಬಂಧುಬಳಗ. ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕ ತಪ್ಪಿದೊಡನೆ ಓದುಗ ತಾನು ಈ ಪುಸ್ತಕಕ್ಕೆ ತಕ್ಕವನಲ್ಲವೆಂದು ಭಾವಿಸಿ ಅದನ್ನು ಬದಿಗಿಡುತ್ತಾನೆ. ಬಯಲುಸೀಮೆಯಿಂದ ಬಂದವರಿಗೆ ಇನ್ನೊಂದು ಕಷ್ಟವೂ ಇದೆ. ಕಂಬಳಿಕೊಪ್ಪೆ, ಹಳು, ಒಡ್ಡಿ, ದೊಡ್ಡಿ ಮುಂತಾಗಿ ಮಲೆನಾಡಿನ ಬದುಕಿಗೇ ಸೇರಿದ ಮಾತುಗಳು ಯಾವ ವಿವರಣೆಯೂ ಇಲ್ಲದೆ ಬರುತ್ತವೆ. ಕಲಬುರಗಿ ಕಡೆಯ ಗೆಳೆಯರೊಬ್ಬರು ಈ ಕಾದಂಬರಿಯನ್ನು ಓದುವಾಗ ತಮಗೆ ಬೇರೆ ದೇಶದ ಕನ್ನಡವನ್ನು ಓದಿದಂತಾಯಿತೆಂದು ಹೇಳಿದ್ದರು; ಆದರೆ ಅರ್ಧ ದಾಟಿದ ಮೇಲೆ ಆ ಮಾತುಗಳ ಅರ್ಥವನ್ನು ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲವೆಂದೂ ಅವರೇ ಸೇರಿಸಿದ್ದರು.

ಇಂತಹವರಿಗೆ ನಾನು ಹೇಳುವುದಿಷ್ಟೆ: ಮೊದಲ ಓದಿನಲ್ಲಿ ಸಂಬಂಧಗಳ ಲೆಕ್ಕ ಇಡಲು ಹೋಗಬೇಡಿ, ಗುತ್ತಿಯ ಹಿಂದೆ ನಡೆಯಿರಿ. ಸಿಂಬಾವಿ ಭರಮೈಹೆಗ್ಗಡೆಯ ಜೀತದಾಳಾದ ನಾಯಿಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡಿನ ಹಾದಿ ಹಿಡಿದಿರುವಲ್ಲಿ ಕಥೆ ಆರಂಭವಾಗುತ್ತದೆ. ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಬರಬೇಕೆಂಬುದು ಅವನ ಮನಸ್ಸಿನಲ್ಲಿರುವ ಯೋಜನೆ. ಆತ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಕೇರಿಯಿಂದ ಇನ್ನೊಂದು ಕೇರಿಗೆ ನಡೆದಂತೆ ನಮಗೂ ಆ ಸೀಮೆ ಪರಿಚಯವಾಗುತ್ತದೆ. ಹೆಗ್ಗಡೆಯ ಜಗಲಿಯ ತನಕ ಹೋಗಿ ಅಂಗಳದಲ್ಲಿಯೇ ನಿಲ್ಲಬೇಕಾದ ಒಬ್ಬ ಮನುಷ್ಯನ ಕಣ್ಣಿನಿಂದ ಆ ದೊಡ್ಡ ಮನೆಗಳನ್ನು ನಾವು ಮೊದಲು ನೋಡುತ್ತೇವೆ ಎಂಬುದು ಆಕಸ್ಮಿಕವಲ್ಲ. ಕನ್ನಡದ ಒಬ್ಬ ಮಹಾಕವಿ ತನ್ನ ಅರವತ್ತು ದಾಟಿದ ವಯಸ್ಸಿನಲ್ಲಿ, ತಾನು ಹುಟ್ಟಿ ಬೆಳೆದ ನಾಡಿನ ಕಥೆಯನ್ನು ಹೇಳಲು ಕುಳಿತಾಗ, ತನ್ನಂತಹ ಒಕ್ಕಲು ಮನೆತನದ ಯಜಮಾನನಿಗೆ ಬದಲಾಗಿ ಆ ಮನೆಯ ಜೀತದಾಳನ್ನೂ ಅವನ ನಾಯಿಯನ್ನೂ ಮುಂದೆ ಬಿಟ್ಟದ್ದು ದೊಡ್ಡ ನಿರ್ಧಾರ. ‘ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ’ ಎಂದು ಆರಂಭವಾಗುವ ಪುಸ್ತಕದ ಮುನ್ನುಡಿಯ ಸಾಲುಗಳನ್ನು ಸಭೆ ಸಮಾರಂಭಗಳಲ್ಲಿ ಅನೇಕರು ಉದ್ಧರಿಸುತ್ತಾರೆ. ಆ ಸಾಲನ್ನು ಕೃತಿಯೊಳಗೆ ನಿಜ ಮಾಡಿ ತೋರಿಸುವವರು ಗುತ್ತಿ ಮತ್ತು ಹುಲಿಯ. ಹುಲಿಯನ ಬಗ್ಗೆ ಇಲ್ಲಿ ಹೆಚ್ಚು ಹೇಳಲಾರೆ. ಓದದವರ ಅನುಭವವನ್ನು ಕೆಡಿಸಬಾರದು. ಈ ಕಾದಂಬರಿಯ ಕೊನೆಯ ಭಾಗವನ್ನು ನೆನೆದಾಗ ಓದುಗರು ಮೊದಲು ಹೇಳುವ ಹೆಸರು ಆ ನಾಯಿಯದ್ದು ಎಂಬುದನ್ನು ಮಾತ್ರ ಹೇಳಬಹುದು.

ಕಾದಂಬರಿಯ ಶೀರ್ಷಿಕೆಯಲ್ಲಿರುವ ಮದುಮಗಳು ಯಾರು ಎಂಬ ಬಗ್ಗೆ ಓದುಗರಲ್ಲಿ ಚರ್ಚೆ ನಡೆಯುವುದುಂಟು. ಹೂವಳ್ಳಿಯ ಚಿನ್ನಮ್ಮನೇ ಮದುಮಗಳೆಂದು ಹೇಳುವವರಿಗೆ ಬಲವಾದ ಕಾರಣವಿದೆ. ಗುತ್ತಿಯ ಒಡೆಯನೂ ಆದ ಭರಮೈಹೆಗ್ಗಡೆಯೊಡನೆ ನಿಶ್ಚಯವಾದ ಮದುವೆಯಿಂದ ಆಕೆ ತಪ್ಪಿಸಿಕೊಂಡು, ತಾನು ಒಲಿದ ಕೋಣೂರು ಮುಕುಂದಯ್ಯನಿಗಾಗಿ ರಾತ್ರಿಯ ಕಾಡನ್ನು ಹೊಕ್ಕು ಹುಲಿಕಲ್ಲಿನ ಕಡೆಗೆ ಹೋಗುವ ಭಾಗ ಇಡೀ ಕೃತಿಯಲ್ಲಿಯೇ ಅತ್ಯಂತ ಬಿಗಿಯಾದದ್ದು. ಆದರೆ ಆ ರಾತ್ರಿ ಚಿನ್ನಮ್ಮನ ಕೈ ಹಿಡಿದು ನಡೆಸುವವಳು ಪೀಂಚಲು. ಘಟ್ಟದ ಕೆಳಗಿನಿಂದ ಕೂಲಿಗಾಗಿ ಬಂದ ಆಳುಗಳ ಬಿಡಾರದ ಹೆಣ್ಣು, ಐತನ ಹೆಂಡತಿ. ಒಡತಿಯಾಗಬೇಕಾದ ಹುಡುಗಿಗೆ ಧೈರ್ಯ ಹೇಳಿಕೊಡುವ ಸ್ಥಾನದಲ್ಲಿ ಆಳಿನ ಮನೆಯ ಹುಡುಗಿ ಇರುವುದನ್ನು ಕುವೆಂಪು ಯಾವ ಒತ್ತನ್ನೂ ಹಾಕದೆ, ಸಹಜವೆಂಬಂತೆ ಬರೆಯುತ್ತಾರೆ. ತಿಮ್ಮಿಯೂ ಒಬ್ಬ ಮದುಮಗಳು, ಮೇಗರವಳ್ಳಿಯ ಅಂತಕ್ಕಸೆಟ್ಟಿತಿಯ ಮಗಳು ಕಾವೇರಿಯೂ ಒಬ್ಬ ಮದುಮಗಳು. ಕಾವೇರಿಗೆ ಒದಗುವ ಗತಿಯನ್ನು ಓದುವುದು ಕಷ್ಟ; ಸೂಕ್ಷ್ಮ ಮನಸ್ಸಿನ ಓದುಗರಿಗೆ ಅದನ್ನು ಮೊದಲೇ ತಿಳಿಸಿರುವುದು ಒಳ್ಳೆಯದು. ಅತ್ತೆಯ ಹೂಟಕ್ಕೆ ಸಿಲುಕಿ, ತಾನು ಬಯಸದ ಮನೆಯಲ್ಲಿ ನೆಲೆಗೊಂಡು, ಅಲ್ಲಿಯೂ ಇನ್ನೊಬ್ಬರ ಹಿತವನ್ನು ಕಾಯುವ ವಿಧವೆ ನಾಗಕ್ಕ ನನಗೆ ಈ ಎಲ್ಲರಿಗಿಂತ ಹೆಚ್ಚು ಹತ್ತಿರವಾದ ಪಾತ್ರ. ಆಕೆಯ ಬಗ್ಗೆ ವಿಮರ್ಶಕರು ಬರೆದದ್ದು ಕಡಿಮೆ ಎಂದೇ ನನ್ನ ಭಾವನೆ.

ಕಥೆಯ ಕಾಲ 19ನೆಯ ಶತಮಾನದ ಕೊನೆಯ ದಶಕ. 1893ರಲ್ಲಿ ಸ್ವಾಮಿ ವಿವೇಕಾನಂದರು ಚಿಕಾಗೋ ನಗರದಲ್ಲಿ ಮಾತನಾಡಿದ ಸಂಗತಿಯನ್ನು ಲೇಖಕರು ಕಥೆಯ ನಡುವೆ ತಂದು, ಹೊರಜಗತ್ತಿನ ಗಡಿಯಾರವನ್ನೂ ಮಲೆನಾಡಿನ ಗಡಿಯಾರವನ್ನೂ ಒಟ್ಟಿಗೆ ನಮ್ಮ ಮುಂದಿಡುತ್ತಾರೆ. ತೀರ್ಥಹಳ್ಳಿಯ ಪಾದ್ರಿ ಜೀವರತ್ನಯ್ಯನವರು ಬೈಸಿಕಲ್ಲು ಏರಿ ಹಳ್ಳಿಗೆ ಬರುವುದು, ಬೆಟ್ಟಳ್ಳಿ ಕಲ್ಲಯ್ಯಗೌಡರ ಮಗ ದೇವಯ್ಯ ಕಿಲಸ್ತರ (ಕ್ರೈಸ್ತರ) ಜಾತಿಗೆ ಸೇರುವ ವಿಚಾರ ಮಾಡುವುದು, ಅದನ್ನು ಕೇಳಿ ಮನೆಮಂದಿಯೆಲ್ಲ ತಲ್ಲಣಿಸುವುದು ಆ ಹೊರಜಗತ್ತು ಘಟ್ಟದ ಹಾದಿ ಹಿಡಿದು ಒಳಗೆ ಬಂದ ಬಗೆಯನ್ನು ತೋರಿಸುತ್ತವೆ. ಮತಾಂತರದ ಈ ಎಳೆಯನ್ನು ಕುವೆಂಪು ಪೂರ್ತಿ ಬೆಳೆಸಲಿಲ್ಲ ಎಂದು ನನಗೆ ಅನಿಸಿದೆ. ದೇವಯ್ಯನ ಮನಸ್ಸಿನೊಳಗೆ ನಾವು ಸಾಕಷ್ಟು ಇಳಿಯುವ ಮೊದಲೇ ಕಥೆ ಬೇರೆ ಕಡೆಗೆ ಹೊರಳುತ್ತದೆ.

ಕೊರತೆಯ ಮಾತು ಬಂದದ್ದರಿಂದ ಇನ್ನೆರಡನ್ನು ಹೇಳಿಬಿಡುತ್ತೇನೆ. ಕಾಡಿನ ವರ್ಣನೆಗಳು ಬಂದಾಗ ಭಾಷೆ ಮಹಾಕಾವ್ಯದ ಎತ್ತರಕ್ಕೆ ಏರುತ್ತದೆ, ಸಂಸ್ಕೃತದ ಸಮಾಸಗಳು ದಟ್ಟವಾಗುತ್ತವೆ. ಮರುಕ್ಷಣವೇ ಸಂಭಾಷಣೆಯಲ್ಲಿ ಮಲೆನಾಡಿನ ಆಡುಮಾತು ಬರುತ್ತದೆ. ಈ ಏರಿಳಿತ ನನಗೆ ಪ್ರಿಯವಾದದ್ದೇ ಆದರೂ, ಕೆಲವು ವರ್ಣನೆಗಳು ಪಾತ್ರಗಳ ನಡಿಗೆಯನ್ನು ತಡೆಯುತ್ತವೆ ಎಂಬ ದೂರನ್ನು ತಳ್ಳಿಹಾಕಲಾರೆ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಕೃತಿಯಲ್ಲಿ ಬರುವ ಸಾಬಿಗಳ ಪಾತ್ರಗಳಿಗೆ ಗುತ್ತಿಗೋ ಐತನಿಗೋ ದೊರೆತಷ್ಟು ಒಳಬದುಕು ದೊರೆತಿಲ್ಲ; ಅವರು ಬಹುಪಾಲು ಯಾರದೋ ದುಷ್ಕಾರ್ಯಕ್ಕೆ ಜೊತೆಗಾರರಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಯಾರೂ ಅಮುಖ್ಯರಲ್ಲವೆಂದು ಸಾರಿದ ಪುಸ್ತಕದಲ್ಲಿ ಇದು ಎದ್ದು ಕಾಣುತ್ತದೆ, ಮತ್ತು ಇಂದಿನ ಓದುಗರು ಈ ಪ್ರಶ್ನೆಯನ್ನು ಎತ್ತುವುದು ನ್ಯಾಯವೇ ಆಗಿದೆ. ಇಷ್ಟಾಗಿಯೂ ಕನ್ನಡದಲ್ಲಿ ಒಂದು ಸೀಮೆಯ ಮರ, ಮಳೆ, ಉಂಬಳ, ನಾಯಿ, ಹಂದಿದೊಡ್ಡಿ, ಜಗಲಿ, ಬಿಡಾರ, ಬಸಿರು, ಸಾಲ, ದೆವ್ವ ಎಲ್ಲವನ್ನೂ ಒಂದೇ ಪ್ರೀತಿಯಿಂದ ಹಿಡಿದಿಟ್ಟ ಇನ್ನೊಂದು ಕಾದಂಬರಿ ನನಗೆ ಗೊತ್ತಿಲ್ಲ. ಕೊಂಡು ಇಟ್ಟುಕೊಂಡು, ಮಳೆಗಾಲದಲ್ಲಿ ಅವಸರವಿಲ್ಲದೆ ಓದಬೇಕಾದ ಪುಸ್ತಕವಿದು.

ಇನ್ನು ಮುಂದಿನ ಓದಿನ ವಿಚಾರ. ಕುವೆಂಪು ಬೆಳೆದ ಕುಪ್ಪಳಿ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನಲ್ಲಿ 1917ರಲ್ಲಿ ಎಂ.ಕೆ. ಇಂದಿರಾ ಹುಟ್ಟಿದರು, 1932ರಲ್ಲಿ ಮೇಳಿಗೆಯಲ್ಲಿ ಯು.ಆರ್. ಅನಂತಮೂರ್ತಿ ಹುಟ್ಟಿದರು, 1938ರಲ್ಲಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಹುಟ್ಟಿದರು. ಒಂದು ತಾಲ್ಲೂಕಿನ ಅಷ್ಟಿಷ್ಟು ನೆಲವನ್ನು ಮೂರು ಮನೆಗಳ ನಾಲ್ವರು ನಾಲ್ಕು ಬಗೆಯಲ್ಲಿ ನೋಡಿದ ಭಾಗ್ಯ ಕನ್ನಡ ಓದುಗರಿಗೆ ಒದಗಿದೆ. ‘ಮದುಮಗಳು’ ಮುಗಿಸಿದವರು ಮೊದಲು ಈ ನೆಲದಲ್ಲಿಯೇ ಇನ್ನಷ್ಟು ಕಾಲ ಇರಬೇಕು.

ನನ್ನ ಮೊದಲ ಶಿಫಾರಸು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಬಂದ ಈ ಕಾದಂಬರಿ ಗಾತ್ರದಲ್ಲಿ ಚಿಕ್ಕದು, ಭಾಷೆಯಲ್ಲಿ ಸರಳವಾದದ್ದು, ಆದ್ದರಿಂದ ದೊಡ್ಡ ಪುಸ್ತಕವೊಂದನ್ನು ಮುಗಿಸಿ ದಣಿದ ಮನಸ್ಸಿಗೆ ಹಿತವಾದದ್ದು. ಆದರೆ ಅದು ಹೇಳುವ ಬದುಕು ಹಗುರವಾದದ್ದಲ್ಲ. ಒಂಬತ್ತನೆಯ ವಯಸ್ಸಿಗೇ ವಿಧವೆಯಾಗಿ, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಬದುಕಿದ ಬ್ರಾಹ್ಮಣ ಹೆಣ್ಣುಮಗಳ ಕಥೆಯಿದು. ಲೇಖಕಿಯ ಕುಟುಂಬದಲ್ಲಿ ನಿಜವಾಗಿ ಬದುಕಿದ್ದ ಹಿರಿಯ ಜೀವದ ಕಥೆ. ಫಣಿಯಮ್ಮ ಬದುಕಿದ್ದ ಕಾಲ 1840ರಿಂದ 1952ರವರೆಗೆ. ಎಂದರೆ ಚಿನ್ನಮ್ಮ ಹುಲಿಕಲ್ಲಿನ ಕಡೆಗೆ ಓಡಿದ ಆ ದಶಕದಲ್ಲಿ ಅದೇ ಸೀಮೆಯ ಒಂದು ದೊಡ್ಡ ಮನೆಯ ಅಡುಗೆಕೋಣೆಯಲ್ಲಿ ಫಣಿಯಮ್ಮ ಐವತ್ತು ದಾಟಿದ ಮಡಿ ಹೆಂಗಸಾಗಿ ದುಡಿಯುತ್ತಿದ್ದಳು. ಈ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಓದಿದವರಿಗೆ ನಾಗಕ್ಕನ ಬದುಕು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಒಕ್ಕಲು ಸಮುದಾಯದಲ್ಲಿ ಗಂಡ ಸತ್ತ ಹೆಣ್ಣಿಗೆ ಕೂಡಿಕೆಯ, ಎಂದರೆ ಮರುಮದುವೆಯ, ದಾರಿಯಿತ್ತು, ಆ ದಾರಿಯಲ್ಲಿಯೇ ಅವಳನ್ನು ಮಾರುವ ಅಪಾಯವೂ ಇತ್ತು. ಅಗ್ರಹಾರದ ಹೆಣ್ಣಿಗೆ ಅಂತಹ ದಾರಿಯೇ ಇರಲಿಲ್ಲ.

ಇಂದಿರಾ ಅವರು ಫಣಿಯಮ್ಮನನ್ನು ಬರಿಯ ಸಂಕಟದ ಮೂರ್ತಿಯನ್ನಾಗಿ ಮಾಡಿಲ್ಲ ಎಂಬುದು ನನಗೆ ಬಹಳ ಮೆಚ್ಚಿಗೆಯಾದ ಅಂಶ. ಹೆರಿಗೆಯ ನೋವಿನಲ್ಲಿರುವವಳ ಬಳಿಗೆ ಜಾತಿಯ ಕಟ್ಟನ್ನು ಮೀರಿ ಹೋಗುವ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪರವಾಗಿ ನಿಲ್ಲುವ ಫಣಿಯಮ್ಮ, ತಾನು ಪಾಲಿಸಿದ ಕಟ್ಟುಪಾಡನ್ನು ಇನ್ನೊಬ್ಬರ ಮೇಲೆ ಹೇರಬಾರದೆಂಬ ತಿಳಿವಳಿಕೆಗೆ ಯಾರ ಉಪದೇಶವೂ ಇಲ್ಲದೆ ತಾನಾಗಿಯೇ ಬಂದವಳು. ಈ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ಚಿತ್ರ ತೆಗೆದರು. ಪುಸ್ತಕ ಓದಿದ ಮೇಲೆ ಅದನ್ನು ನೋಡಬಹುದು. ನಮ್ಮ ಓದುಗರ ವಲಯದಲ್ಲಿ ಈ ಪುಸ್ತಕವನ್ನು ಓದಿದ ಹಿರಿಯ ಮಹಿಳೆಯರು ತಮ್ಮ ಅಜ್ಜಿಯರ, ಮುತ್ತಜ್ಜಿಯರ ಹೆಸರುಗಳನ್ನು ಹೇಳಿಕೊಂಡು ಮಾತನಾಡುವುದನ್ನು ಕೇಳಿದ್ದೇನೆ. ಬೇರೆ ಯಾವ ಕನ್ನಡ ಕಾದಂಬರಿಯ ಚರ್ಚೆಯೂ ಅಷ್ಟು ಬೇಗ ಮನೆಯ ನೆನಪುಗಳ ಕಡೆಗೆ ತಿರುಗುವುದನ್ನು ಕಂಡಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ; 1965ರಿಂದ ಇಂದಿನವರೆಗೆ ಅದರ ಮೇಲೆ ನಡೆದಷ್ಟು ಚರ್ಚೆ ಕನ್ನಡದ ಕೆಲವೇ ಕೃತಿಗಳ ಮೇಲೆ ನಡೆದಿದೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತು, ಅವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಉತ್ತರ ಹುಡುಕುವ ಕಥೆಯನ್ನು ಕೇಳದವರು ವಿರಳ. ಆದರೆ ಅದನ್ನು ‘ಮದುಮಗಳು’ವಿನ ನಂತರ ಓದುವುದಕ್ಕೆ ಒಂದು ವಿಶೇಷ ಲಾಭವಿದೆ. ಕುವೆಂಪು ಅವರ ಲೋಕದಲ್ಲಿ ಬ್ರಾಹ್ಮಣರು ಜೋಯಿಸರಾಗಿ, ಪೂಜಾರಿಗಳಾಗಿ, ನಿಮಿತ್ತ ಹೇಳುವವರಾಗಿ ಹೊರಗಿನಿಂದ ಕಾಣುತ್ತಾರೆ. ಗೌಡರ ಮನೆಯ ಭಯಗಳ ಮೇಲೆ ಅವರ ಅಧಿಕಾರ ನಿಂತಿರುತ್ತದೆ. ‘ಸಂಸ್ಕಾರ’ ಅದೇ ಅಧಿಕಾರದ ಮನೆಯೊಳಗೆ ನಮ್ಮನ್ನು ಕೂರಿಸಿ, ಅಲ್ಲಿಯ ಭಯಗಳನ್ನು ತೋರಿಸುತ್ತದೆ. ಒಂದು ಬಿಡುವಿನ ದಿನದಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕ ಪುಸ್ತಕ.

ದೇವಯ್ಯನ ಎಳೆ ಅರ್ಧಕ್ಕೆ ನಿಂತಿತೆಂದು ಬೇಸರಪಟ್ಟವರು ಘಟ್ಟವನ್ನು ಇಳಿದು ಶಿವರಾಮ ಕಾರಂತರ ‘ಚೋಮನ ದುಡಿ’ಗೆ ಬರಬೇಕು. ಇದು ಬಂದದ್ದು 1933ರಲ್ಲಿ, ‘ಮದುಮಗಳು’ವಿಗಿಂತ 34 ವರ್ಷ ಮೊದಲು. ತನ್ನದೇ ಒಂದು ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ಚೋಮನ ಆಸೆಗೆ ಅವನ ಹುಟ್ಟೇ ಅಡ್ಡಿಯಾಗಿದೆ. ಎತ್ತುಗಳಿವೆ, ದುಡಿಯುವ ಮೈಯಿದೆ, ಆದರೆ ಅಸ್ಪೃಶ್ಯನಿಗೆ ಗೇಣಿಗೆ ಗದ್ದೆ ಕೊಡುವ ರೂಢಿ ಊರಿನಲ್ಲಿಲ್ಲ. ಮಿಷನ್ನಿನವರ ಕಡೆಗೆ ಹೋದರೆ ಭೂಮಿ ಸಿಕ್ಕೀತೆಂಬ ಆಸೆ ಅವನನ್ನು ಎಳೆಯುತ್ತದೆ, ತಲೆತಲಾಂತರದಿಂದ ನಂಬಿದ ಪಂಜುರ್ಲಿ ಭೂತ ಅವನನ್ನು ಹಿಂದಕ್ಕೆ ಕರೆಯುತ್ತದೆ. ಅನುಕೂಲಸ್ಥ ಗೌಡರ ಮನೆಯ ದೇವಯ್ಯನಿಗೆ ಮತಾಂತರವೆಂದರೆ ಹೊಸ ವಿಚಾರ, ಹೊಸ ಉಡುಪು, ತಂದೆಯೊಡನೆ ಜಗಳ. ಚೋಮನಿಗೆ ಅದು ಒಂದು ಗದ್ದೆ ಮತ್ತು ಒಂದು ದೈವದ ನಡುವಿನ ಆಯ್ಕೆ. ಈ ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಆ ಕಾಲದ ಮಿಷನ್ನುಗಳು ನಮ್ಮ ಹಳ್ಳಿಗಳಲ್ಲಿ ಎಬ್ಬಿಸಿದ ಪ್ರಶ್ನೆ ಎಷ್ಟು ದೊಡ್ಡದಿತ್ತೆಂಬುದು ತಿಳಿಯುತ್ತದೆ.

‘ಚೋಮನ ದುಡಿ’ಗೂ ‘ಮದುಮಗಳು’ವಿಗೂ ಇನ್ನೊಂದು ನಂಟಿದೆ, ಅದನ್ನು ಗಮನಿಸಿದವರು ಕಡಿಮೆ. ಐತ, ಪೀಂಚಲು ಮತ್ತು ಅವರ ಜೊತೆಯ ಆಳುಗಳು ಆಳುಗಳ ಮೇಸ್ತ್ರಿಯಾದ ಸೇರೆಗಾರ ಚೀಂಕ್ರನ ಕೈಕೆಳಗೆ ಘಟ್ಟ ಹತ್ತಿ ಬಂದವರು. ಅವರು ಕೆಳಗೆ ಬಿಟ್ಟು ಬಂದ ಊರು ಯಾವುದು, ಅಲ್ಲಿಯ ಬಡತನ ಎಂತಹದು ಎಂಬುದು ಕುವೆಂಪು ಅವರ ಕಾದಂಬರಿಯ ವ್ಯಾಪ್ತಿಗೆ ಬರುವುದಿಲ್ಲ. ಕಾರಂತರು ಆ ಊರನ್ನು ತೋರಿಸುತ್ತಾರೆ. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಆ ತೋಟ ಅವರನ್ನು ಹೇಗೆ ನುಂಗುತ್ತದೆ ಎಂಬುದೇ ಕಥೆಯ ನಡುಭಾಗ. ಚೋಮನ ಮಗಳು ಬೆಳ್ಳಿಯ ಅಧ್ಯಾಯಗಳನ್ನು ಓದುವಾಗ ಪೀಂಚಲುವಿನ ನಗುವಿನ ಹಿಂದೆ ಏನೇನು ಇದ್ದಿರಬಹುದೆಂದು ಊಹಿಸದೆ ಇರಲಾಗುವುದಿಲ್ಲ. ಬಿ.ವಿ. ಕಾರಂತರು ಇದನ್ನು 1975ರಲ್ಲಿ ಚಲನಚಿತ್ರವಾಗಿಸಿದ್ದಾರೆ.

ಗುತ್ತಿಯನ್ನು ಮರೆಯಲಾಗದವರಿಗೆ ನನ್ನ ಸಲಹೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’. ಈ ಸಲಹೆಯನ್ನು ಕೊಡುವಾಗ ಎಚ್ಚರಿಕೆಯ ಮಾತನ್ನೂ ಕೊಡಬೇಕಾಗುತ್ತದೆ, ಏಕೆಂದರೆ 1984ರ ಈ ತೆಳುವಾದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರ ಸಂಖ್ಯೆ ‘ಮದುಮಗಳು’ವನ್ನು ಬಿಟ್ಟವರಿಗಿಂತ ಕಡಿಮೆಯೇನೂ ಇರಲಾರದು. ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ನಿರೂಪಣೆಯೇ ಸಾಗುತ್ತದೆ. ಗದ್ಯವೆಂದು ಆರಂಭಿಸಿದರೆ ಅದು ಕಥನಗೀತೆಯ ಲಯಕ್ಕೆ ಜಾರುತ್ತದೆ. ಮನೆಮನೆಯ ದೀಪಗಳ ಆತ್ಮಗಳಾದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತಿಗೆ ತೊಡಗುತ್ತವೆ. ಕಣ್ಣಿನಲ್ಲಿ ವೇಗವಾಗಿ ಓದುವವರಿಗೆ ಈ ಪುಸ್ತಕ ದಕ್ಕುವುದಿಲ್ಲ. ಗಟ್ಟಿಯಾಗಿ, ಸಾಧ್ಯವಾದರೆ ಇನ್ನೊಬ್ಬರಿಗೆ ಕೇಳಿಸುವಂತೆ ಓದಬೇಕು. ಚಾಮರಾಜನಗರ ಸೀಮೆಯ ಯಾರಾದರೂ ಓದುವುದನ್ನು ಕೇಳುವ ಅವಕಾಶ ಸಿಕ್ಕರೆ ಅದನ್ನು ಬಿಡಬಾರದು.

ಗುತ್ತಿಯಿಂದ ‘ಕುಸುಮಬಾಲೆ’ಗೆ ಹೋಗಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಕುವೆಂಪು ಗುತ್ತಿಗೆ ಕೊಟ್ಟ ಗೌರವ ನಿಜವಾದದ್ದು. ಅವನ ಬುದ್ಧಿ, ಅವನ ಹಾಸ್ಯ, ಅವನ ಒಲವು ಯಾವುದೂ ಮೇಲಿನಿಂದ ಬಗ್ಗಿ ನೋಡಿ ಬರೆದದ್ದಲ್ಲ. ಆದರೂ ಗುತ್ತಿ ಬಾಯಿ ತೆರೆದಾಗ ಮಾತ್ರ ಅವನ ಮಾತು ಪುಟದ ಮೇಲೆ ಬರುತ್ತದೆ. ಅವನ ಸುತ್ತಲಿನ ಕಾಡನ್ನೂ ಅವನ ಮನಸ್ಸನ್ನೂ ಬಣ್ಣಿಸುವ ಭಾಷೆ ಕವಿಯದ್ದು. ದೇವನೂರರ ಪುಸ್ತಕದಲ್ಲಿ ಕಥೆ ಹೇಳುವ ನಾಲಗೆಯೇ ದಲಿತ ಸಮುದಾಯದ್ದು. ನೋವನ್ನು ಹೇಳುವಾಗಲೂ ನಗುವ ಶಕ್ತಿ, ಊರಿನ ಸಣ್ಣತನವನ್ನು ಒಂದೇ ಮಾತಿನಲ್ಲಿ ಹಿಡಿಯುವ ಚುರುಕು, ಸತ್ತವರೊಡನೆಯೂ ಬದುಕಿದವರೊಡನೆಯೂ ಒಂದೇ ಸಲಿಗೆಯಲ್ಲಿ ಮಾತನಾಡುವ ಬಗೆ ಆ ನಾಲಗೆಗೆ ಸಹಜವಾಗಿವೆ. ಈ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮೊದಲ ಓದಿನಲ್ಲಿ ಕಥೆಯ ಸೂತ್ರ ಕೈಗೆ ಸಿಗದಿದ್ದರೆ ಚಿಂತಿಸಬೇಕಾಗಿಲ್ಲ. ಎರಡನೆಯ ಓದು ಮೊದಲನೆಯದಕ್ಕಿಂತ ಹೆಚ್ಚು ಸಂತೋಷ ಕೊಡುವ ಪುಸ್ತಕಗಳಲ್ಲಿ ಇದೂ ಒಂದು.

ಕಾಡಿನ ಭಾಗಗಳನ್ನೇ ಹೆಚ್ಚು ಮೆಚ್ಚಿದವರು, ಹಾಗೂ ಪ್ರೌಢಶಾಲೆ, ಕಾಲೇಜಿನ ಮಕ್ಕಳ ಕೈಗೆ ಏನನ್ನಾದರೂ ಕೊಡಬೇಕೆಂದಿರುವವರು, ತೇಜಸ್ವಿಯವರ ‘ಕರ್ವಾಲೊ’ವನ್ನು ಆರಿಸಿಕೊಳ್ಳಬಹುದು. 1980ರ ಈ ಕಾದಂಬರಿಯಲ್ಲಿ ಮೂಡಿಗೆರೆಯ ಸುತ್ತಲಿನ ಕಾಡಿನೊಳಗೆ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುವ ವಿಜ್ಞಾನಿಗೆ ದಾರಿ ತೋರಿಸುವವನು ಹಳ್ಳಿಯ ಮಂದಣ್ಣ. ಊರಿನವರ ಲೆಕ್ಕದಲ್ಲಿ ಪೆದ್ದ, ಕಾಡಿನ ಲೆಕ್ಕದಲ್ಲಿ ಪಂಡಿತ. ಗುತ್ತಿಯ ಸಂತತಿಯವನೇ ಎಂದು ನನಗೆ ಅನಿಸುತ್ತದೆ. ಹುಲಿಯನನ್ನು ಪ್ರೀತಿಸಿದವರಿಗೆ ಇಲ್ಲಿ ಕಿವಿ ಎಂಬ ನಾಯಿಯಿದೆ. ತಂದೆ ಬರೆದ ಕಾಡಿನಲ್ಲಿ ಅಧ್ಯಾತ್ಮದ ಬೆರಗು ಮುಂದಾಗಿದ್ದರೆ, ಮಗ ಬರೆದ ಕಾಡಿನಲ್ಲಿ ಜೀವವಿಕಾಸದ ಬೆರಗು ಮುಂದಾಗಿದೆ.

ರಂಗಭೂಮಿಯಲ್ಲಿ ಆಸಕ್ತಿಯುಳ್ಳವರಿಗಾಗಿ ಒಂದು ಮಾತು. 2010ರಲ್ಲಿ ಮೈಸೂರಿನ ರಂಗಾಯಣದ ಬಯಲಿನಲ್ಲಿ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಕೆ.ವೈ. ನಾರಾಯಣಸ್ವಾಮಿಯವರು ಕೊಟ್ಟ ರಂಗರೂಪವನ್ನು ಸಿ. ಬಸವಲಿಂಗಯ್ಯ ಅವರು ಇಡೀ ರಾತ್ರಿಯ, ಸುಮಾರು ಒಂಬತ್ತು ಗಂಟೆಗಳ ನಾಟಕವಾಗಿ ಪ್ರದರ್ಶಿಸಿದರು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಪ್ರದರ್ಶನಗಳಾದವು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ನಡೆದು ಹೋಗುವ ಆ ಏರ್ಪಾಡು ಕಾದಂಬರಿಯ ಸ್ವಭಾವಕ್ಕೆ ಬಹಳ ಒಪ್ಪುವಂತಿತ್ತು. ಆ ನಾಟಕವನ್ನು ನೋಡಿದ ಮೇಲೆ ಪುಸ್ತಕವನ್ನು ಹಿಡಿದು ಮುಗಿಸಿದವರು ನನ್ನ ಪರಿಚಯದಲ್ಲಿಯೇ ಇದ್ದಾರೆ, ಅವರಿಗೆ ಊರುಗಳ ಹೆಸರು ಗೊಂದಲ ತರಲಿಲ್ಲ. ಹೊರರಾಜ್ಯ, ಹೊರದೇಶಗಳಲ್ಲಿದ್ದು ಕನ್ನಡ ಲಿಪಿಯನ್ನು ಓದಲಾರದ ಮಕ್ಕಳಿರುವ ಮನೆಗಳಿಗೆ 2024ರಲ್ಲಿ ಬಂದ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ನೆರವಾಗುತ್ತದೆ. ತಂದೆತಾಯಿ ಮೂಲವನ್ನೂ ಮಕ್ಕಳು ಅನುವಾದವನ್ನೂ ಒಟ್ಟಿಗೆ ಓದುವ ಮನೆಗಳಿವೆ ಎಂದು ಕೇಳಿ ನನಗೆ ತುಂಬ ಸಂತೋಷವಾಯಿತು.

‘ಕಾನೂರು ಹೆಗ್ಗಡಿತಿ’ಯನ್ನು ಇಷ್ಟು ಹೊತ್ತು ದೂರವಿಟ್ಟದ್ದಕ್ಕೆ ಕಾರಣ ಹೇಳಬೇಕು. 1936ರಲ್ಲಿ ಪ್ರಕಟವಾದ ಆ ಕಾದಂಬರಿಯೂ ದೊಡ್ಡದೇ, ಅದರಲ್ಲಿಯೂ ಇದೇ ಮಲೆ, ಇದೇ ಮಳೆ, ಚಂದ್ರಯ್ಯಗೌಡರ ದರ್ಪ, ಅವರ ಮೂರನೆಯ ಹೆಂಡತಿ ಸುಬ್ಬಮ್ಮನ ಒಡೆದ ಬದುಕು ಎಲ್ಲವೂ ಇವೆ. ಆದರೆ ಅಲ್ಲಿ ಓದು ಬಲ್ಲ, ಆದರ್ಶವಾದಿಯಾದ ಹೂವಯ್ಯನೇ ನಡುವಿನಲ್ಲಿ ನಿಂತಿದ್ದಾನೆ. ಲೇಖಕರ ಒಲವು ಅವನ ಕಡೆಗಿದೆ, ಹಳ್ಳಿಯನ್ನು ನಾವು ಬಹಳಷ್ಟು ಬಾರಿ ಅವನ ತಿಳಿವಿನ ಎತ್ತರದಿಂದ ನೋಡುತ್ತೇವೆ. ‘ಮದುಮಗಳು’ ಮುಗಿದ ಕೂಡಲೇ ಅದನ್ನು ತೆರೆದವರಿಗೆ ಗುತ್ತಿಯ ಜಾಗದಲ್ಲಿ ಹೂವಯ್ಯ ಕುಳಿತಿರುವುದು ಸಪ್ಪೆಯೆನಿಸುತ್ತದೆ, ಮತ್ತು ಆ ಕಾದಂಬರಿಗೆ ಅನ್ಯಾಯವಾಗುತ್ತದೆ. ಫಣಿಯಮ್ಮ, ಚೋಮ, ಕುಸುಮಬಾಲೆಯರ ನಂತರ, ಕೆಲವು ತಿಂಗಳ ಅಂತರ ಬಿಟ್ಟು ಅದಕ್ಕೆ ಮರಳಿದರೆ ಸುಬ್ಬಮ್ಮನ ಪಾತ್ರ ತಾನಾಗಿಯೇ ಮುಂದೆ ಬರುತ್ತದೆ. ಹೂವಯ್ಯನಿಂದ ಗುತ್ತಿಯವರೆಗೆ ಒಬ್ಬ ಲೇಖಕ 31 ವರ್ಷಗಳಲ್ಲಿ ನಡೆದು ಬಂದ ದೂರವೂ ಕಣ್ಣಿಗೆ ಬೀಳುತ್ತದೆ. ಹಾಗೆ ಮರಳುವವರು ಸುಬ್ಬಮ್ಮ ಮನೆಗೆ ಬರುವ ಅಧ್ಯಾಯಗಳನ್ನು ನಿಧಾನವಾಗಿ ಓದಲಿ, ಹೂವಯ್ಯನ ದೀರ್ಘ ಚಿಂತನೆಗಳಲ್ಲಿ ಬೇಕೆನಿಸಿದಷ್ಟನ್ನು ಮಾತ್ರ ಓದಲಿ.